ಕಟಕಟ ಮೀಮಾಂಸೆ ಅಥವಾ ಮಡಚುವ ಸೈಕಲ್ಲಿನ ಫ್ರೀವೀಲ್ ನಿರ್ಣಯ

ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಪ್ರಯೋಜನ: ಶಾಸ್ತ್ರವೆಂದರೆ ಈ ಐದು ಅಂಗ ಇರಲೇಬೇಕೆಂದು ಬಲ್ಲವರ ಅಂಬೋಣ. ಸೈಕಲ್ ಶಾಸ್ತ್ರಕ್ಕೆ ಇದರಿಂದ ವಿನಾಯಿತಿ ಕೊಟ್ಟವರು ಯಾರೂ ಇಲ್ಲ.

ವಿಷಯ ಹೀಗಿದೆ. ಮಾನ್ವಿಯಲ್ಲಿ ಬಸ್ಸಿಳಿದು, ಮಡಚಿ ತಂದ 20 ಇಂಚಿನ ಗಾಲಿಯ ಸೈಕಲ್ಲನ್ನು ಬಿಚ್ಚಿ ನಿಲ್ಲಿಸಿಕೊಂಡು, ತುಂಗಭದ್ರೆಯ ದಂಡೆಯ ಚೀಕಲಪರ್ವಿಗೆ ಹೊರಟ ಸವಾರನು ತುಳಿಯುವುದನ್ನು ನಿಲ್ಲಿಸಿದ್ದೇ ತಡ, ಹಿಂಗಾಲಿಯ ಫ್ರೀವೀಲಿನಿಂದ ಕಟಕಟಕಟ ಎಂಬ ನಾದ ಹೊರಡುತ್ತದೆ. ಭತ್ತದ ಗದ್ದೆಯ ಕೊಕ್ಕರೆಗಳು ಏಳುತ್ತವೆ. ಕಟ್ಟೆಯ ಮೇಲಿನವರು ಮಾತು ನಿಲ್ಲಿಸಿ ನೋಡುತ್ತಾರೆ. ದುಡಿಯುವಷ್ಟು ಹೊತ್ತು ಮೌನ, ಸುಮ್ಮನೆ ಕೂತೊಡನೆ ವಾಚಾಳಿತನ. ಈ ಗುಣದಲ್ಲಿ ಫ್ರೀವೀಲಿಗೂ ಕಟ್ಟೆಯವರಿಗೂ ಸಾಧರ್ಮ್ಯವುಂಟು. ಸಂಶಯ: ಇದು ರೋಗವೋ, ಆರೋಗ್ಯವೋ?

ಇಂಥ ವಿಚಾರಕ್ಕೆ ಇದಕ್ಕಿಂತ ಯೋಗ್ಯ ಕ್ಷೇತ್ರ ಸಿಗದು. 1682ರಲ್ಲಿ ಚೀಕಲಪರ್ವಿಯಲ್ಲಿ ಹುಟ್ಟಿದ ವಿಜಯದಾಸರು ಸುಳಾದಿ ದಾಸರೆಂದೇ ಹೆಸರಾದವರು. ಅವರ ಶಿಷ್ಯ ಗೋಪಾಲದಾಸರು ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನವರು. ಅದೇ ಪರಂಪರೆಯ ಜಗನ್ನಾಥದಾಸರು ಮಾನ್ವಿಯಲ್ಲೇ ನೆಲೆಸಿದವರು. ಧ್ರುವ, ಮಟ್ಟ, ರೂಪಕ, ಝಂಪೆ, ತ್ರಿಪುಟ, ಅಟ್ಟ, ಏಕ ಎಂದು ನುಡಿನುಡಿಗೆ ತಾಳ ಬದಲಿಸುವ ಸುಳಾದಿ ಕೇಳಿ ಪಳಗಿದ ಸೀಮೆಯಿದು. ಫ್ರೀವೀಲ್ ಮಾತ್ರ ಕೊನೆಯ ತಾಳವೊಂದನ್ನೇ ಕಲಿತು ಕೂತಿದೆ.

ಲಯದ ಲೆಕ್ಕ ನೋಡಿ. ಗಂಟೆಗೆ 18 ಕಿಲೋಮೀಟರ್ ಎಂದರೆ ಸೆಕೆಂಡಿಗೆ 5 ಮೀಟರ್. 28 ಇಂಚಿನ ದೊಡ್ಡ ಸೈಕಲ್ಲಿನ ಗಾಲಿ ಒಂದು ಸುತ್ತಿಗೆ ಸುಮಾರು 2.2 ಮೀಟರ್ ಹೋದರೆ, ಮಡಚುವ ಸೈಕಲ್ಲಿನದು ಸುಮಾರು 1.5 ಮೀಟರ್. ಫ್ರೀವೀಲಿನ ಒಳಗಿನ ಹಲ್ಲು 20 ಎಂದು ಹಿಡಿದರೆ ದೊಡ್ಡದು ಸೆಕೆಂಡಿಗೆ 45 ಸಲ, ಚಿಕ್ಕದು 67 ಸಲ ಕಟಕ್ ಎನ್ನುತ್ತದೆ. ಗಾತ್ರ ಇಳಿದಂತೆ ಗದ್ದಲ ಏರುವುದೆಂಬ ಸೂತ್ರ ಇಲ್ಲಿ ಸಿದ್ಧವಾಯಿತು. ಎರಡು ವರ್ಷದ ಮಗುವಿರುವ ಮನೆಯವರಿಗೆ ಇದು ಹೊಸ ಸಂಗತಿಯಲ್ಲ.

ಇನ್ನು ಪೂರ್ವಪಕ್ಷಗಳು. ಬಂಡಿಪಕ್ಷದವರು ರಾಯಚೂರು ಕೋಟೆಯನ್ನು ಪ್ರಮಾಣವಾಗಿ ತರುತ್ತಾರೆ. ಅಲ್ಲಿ 1294ರ ಶಾಸನ ಹೊತ್ತ, ಸುಮಾರು 41 ಅಡಿ ಉದ್ದದ ಕಲ್ಲೊಂದು ಗೋಡೆಯಲ್ಲಿದೆ. ಅದನ್ನು ಬಂಡಿಯ ಮೇಲೆ ಹೇರಿ ಕೋಣಗಳಿಂದ ಎಳೆಸಿದ ಚಿತ್ರವನ್ನೂ ಕೊರೆದಿದ್ದಾರೆ. ಅಷ್ಟು ಭಾರವೇ ಫ್ರೀವೀಲ್ ಇಲ್ಲದೆ ಬಂದಿರುವಾಗ ನಿಮ್ಮ ಟಿಫಿನ್ ಡಬ್ಬಿಗೆ ಅದೇಕೆ ಎಂಬುದು ಅವರ ಸವಾಲು. ಉತ್ತರ ಸುಲಭ. ಕೋಣಗಳು ಎಳೆಯುವುದು ಬಂಡಿಯನ್ನು, ತಿರುಗಿಸುವುದು ಗಾಲಿಯನ್ನಲ್ಲ. ಗಾಲಿ ಅಚ್ಚಿನ ಮೇಲೆ ಹುಟ್ಟಾ ಸ್ವತಂತ್ರ. ಸೈಕಲ್ಲಿನಲ್ಲಿ ಕೋಣನೂ ಸವಾರನೂ ಒಬ್ಬನೇ ಆಗಿರುವುದರಿಂದ ಆ ದೃಷ್ಟಾಂತ ಇಲ್ಲಿ ಹೊಂದದು.

ಅಭೇದವಾದಿಗಳದು ಇನ್ನೊಂದು ವರಸೆ. ಗಾಲಿಗೂ ಪೆಡಲಿಗೂ ಭೇದವೇ ಇಲ್ಲದ ಫಿಕ್ಸೆಡ್ ಸೈಕಲ್ಲಿನಲ್ಲಿ ಕಟಕಟವೂ ಇಲ್ಲ ಎನ್ನುತ್ತಾರೆ. ನಿಜವೇ. ಆದರೆ ಗಾಲಿ ತಿರುಗುವಷ್ಟು ಹೊತ್ತು ಕಾಲೂ ತಿರುಗಲೇಬೇಕು. ಇಳಿಜಾರಿನಲ್ಲಿ ಮೊಣಕಾಲಿಗೆ ನೇರ ಮೋಕ್ಷ. 1869ರಲ್ಲಿ ಅಮೆರಿಕದ ವಿಲಿಯಂ ವ್ಯಾನ್ ಆ್ಯಂಡನ್ ಫ್ರೀವೀಲಿಗೆ ಪೇಟೆಂಟ್ ಪಡೆದು ಗಾಲಿ-ಪೆಡಲುಗಳ ಭೇದವನ್ನು ಸ್ಥಾಪಿಸಿದ. ತುಳಿದಾಗ ಗಾಲಿ ಪರತಂತ್ರ, ಬಿಟ್ಟಾಗ ಸ್ವತಂತ್ರ. ಭೇದವೇ ಸತ್ಯವೆಂದು ಮೂರು ಶತಮಾನದಿಂದ ಹಾಡುತ್ತ ಬಂದ ದಾಸರ ಊರಿನಲ್ಲಿ ಇದಕ್ಕೆ ಆಕ್ಷೇಪ ಬರಲಿಲ್ಲವೆಂದು ಬೇರೆ ಹೇಳಬೇಕಿಲ್ಲ.

ನಿಜಕ್ಕೂ ಅಪಾಯ ಇರುವುದು ಕೀಲೆಣ್ಣೆ ಪಕ್ಷದಲ್ಲಿ, ಏಕೆಂದರೆ ಅದು ಅರ್ಧ ಸರಿ. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿ ಕಲಸಿ ಬಂಡಿಯ ಅಚ್ಚಿಗೆ ಬಳಿದು ಗೊತ್ತಿರುವ ಹಿರಿಯರು ಫ್ರೀವೀಲಿಗೂ ಗಟ್ಟಿ ಗ್ರೀಸ್ ತುಂಬು ಎನ್ನುತ್ತಾರೆ. ತುಂಬಿದರೆ ಶಬ್ದ ಅಡಗುವುದು ಖರೆ. ಆದರೆ ಒಳಗೆ ನೋಡಿ: ಹಲ್ಲಿನ ಬಳೆಗೆ ತಾಗಿ ಕೂತ ಎರಡು ಉಕ್ಕಿನ ತುಣುಕು, ಮಿಸ್ತ್ರಿಗಳು ಹಿಂದಿಯಲ್ಲಿ ಕುತ್ತಾ ಅನ್ನುವಂಥವು. ಅವುಗಳ ಬೆನ್ನಿಗೆ ಕೂದಲೆಳೆಯಂಥ ಸ್ಪ್ರಿಂಗು. ಬಿಟ್ಟಾಗ ಹಲ್ಲಿನಿಂದ ಹಲ್ಲಿಗೆ ಜಾರಿ ಕಟಕ್ ಎನ್ನುವುದೂ, ತುಳಿದಾಗ ಎದ್ದು ಹಲ್ಲನ್ನು ಕಚ್ಚುವುದೂ ಅವೇ. ಗ್ರೀಸಿನ ಕೆಸರಿನಲ್ಲಿ ಹೂತರೆ ಸ್ಪ್ರಿಂಗಿಗೆ ಅವುಗಳನ್ನು ಎಬ್ಬಿಸುವ ತಾಕತ್ತಿಲ್ಲ. ಪೆಡಲ್ ಎರಡೂ ಕಡೆ ಬರಿದೇ ತಿರುಗಿ, ಸವಾರನ ಗದ್ದ ಹ್ಯಾಂಡಲ್ಲಿಗೆ ಶರಣಾಗುತ್ತದೆ. ಮಿಸ್ತ್ರಿಯೊಬ್ಬರ ವಚನವೇ ಇಲ್ಲಿ ಸಿದ್ಧಾಂತ: “ಕುತ್ತಾ ಬೊಗಳಿದ್ರ ಚಲೋನೇ ಅದರೀ. ಸುಮ್ಮಾತಂದ್ರ ನೋಡ್ರಿ ಮತ್ತ.”

ಹಾಗೆಂದು ಎಲ್ಲ ಶಬ್ದವೂ ಬೊಗಳಿಕೆಯಲ್ಲ. ಕಟಕಟದ ಜೊತೆಗೆ ಕರಕರ ಸೇರಿದ್ದರೆ ಎರೆಹೊಲದ ಧೂಳು ಒಳಗಿನ ಸಣ್ಣ ಗುಂಡುಗಳ ನಡುವೆ ಹೊಕ್ಕಿದೆ. ತುಳಿಯುವಾಗಲೂ ಶಬ್ದವಿದ್ದರೆ ಅಪರಾಧಿ ಬೇರೆ ಕಡೆ ಇದ್ದಾನೆ, ಪೆಡಲನ್ನೂ ಅದರ ಅಚ್ಚನ್ನೂ ವಿಚಾರಿಸಬೇಕು.

ಪ್ರಯೋಜನ: ಚೈನ್ ಇರುವ ಮಗ್ಗುಲು ಮೇಲಾಗುವಂತೆ ಸೈಕಲ್ ಮಲಗಿಸಿ. ತಿರುಗುವ ಬಳೆಗೂ ನಿಂತ ಬಳೆಗೂ ನಡುವಿನ ಕೂದಲೆಳೆಯಷ್ಟು ಸಂದಿಗೆ ಹೊಲಿಗೆ ಯಂತ್ರದ ತೆಳು ಎಣ್ಣೆಯನ್ನು ಹನಿಹನಿಯಾಗಿ ಬಿಟ್ಟು ಪೆಡಲನ್ನು ಹಿಂದಕ್ಕೆ ತಿರುಗಿಸುತ್ತಿರಿ. ಮೊದಲು ಕಾಡಿಗೆಯಂಥ ರಸ ಬರುತ್ತದೆ, ಒರೆಸಿ. ಎಣ್ಣೆ ತಿಳಿಯಾಗುವ ತನಕ ಬಿಡಬೇಡಿ. ನಾದ ಮೆತ್ತಗಾಗುತ್ತದೆ, ಸಾಯುವುದಿಲ್ಲ. ಬಿಚ್ಚಿಯೇ ನೋಡುತ್ತೇನೆಂಬ ಹಟವಿದ್ದವರಿಗೆ ಒಂದು ಎಚ್ಚರಿಕೆ: ಮೇಲಿನ ಮುಚ್ಚಳದ ತಿರುಪು ಉಲ್ಟಾ, ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಬಿಚ್ಚುತ್ತದೆ. ಅದರ ಎರಡು ತೂತಿಗೆ ಉಳಿ ಇಟ್ಟು ಹೊಡೆಯುವ ಮುನ್ನ ಕೆಳಗೆ ಬಿಳಿ ಧೋತರ ಹಾಸಿಕೊಳ್ಳಿ. ಒಂದಿಂಚಿನ ಎಂಟನೇ ಪಾಲಿನ ಗುಂಡುಗಳು ಸಾಸಿವೆ ಚೆಲ್ಲಿದ ಹಾಗೆ ಓಡುತ್ತವೆ, ಕಪ್ಪು ನೆಲದಲ್ಲಿ ಆರಿಸುವುದು ಶಾಸ್ತ್ರಜ್ಞರಿಗಾಗದು, ಮನೆಯ ಮಕ್ಕಳನ್ನೇ ಕರೆಯಬೇಕಾಗುತ್ತದೆ.

ಫಲಶ್ರುತಿ: ಈ ಪ್ರಬಂಧವನ್ನು ಮುಂಜಾನೆ ಓದಿದವರ ಚೈನ್ ಕಳಚದು, ಸಂಜೆ ಓದಿದವರ ಬ್ರೇಕ್ ಹಿಡಿಯುವುದು. ಪಂಕ್ಚರಿನ ಬಗ್ಗೆ ಭರವಸೆ ಕೊಡಲಾಗದು. ದಾರಿಯುದ್ದದ ಜಾಲಿಮುಳ್ಳು ಯಾವ ಮತಕ್ಕೂ ಸೇರಿದ್ದಲ್ಲ.