ಭದ್ರಕಟ್ಟಿನ ರಾಯರು

ಪರಸ್ಥಳದಲ್ಲಿ ಸಂಸಾರ ಹೂಡಿರುವ ಹೆಣ್ಣುಮಕ್ಕಳಿಗೆ ನವರಾತ್ರಿಯ ಮಣ್ಣಿನ ಬೊಂಬೆಗಳನ್ನು ಪಾರ್ಸೆಲು ಮಾಡಿ ಕಳುಹಿಸುವ ಪ್ರಸಂಗವು ಮೈಸೂರಿನ ಯಾವ ಮನೆಯಲ್ಲಿ ಒದಗಲಿ, ಬೀದಿಗೊಬ್ಬರಂತೆ ವಿರಾಜಮಾನರಾಗಿರುವ ಭದ್ರಕಟ್ಟಿನ ರಾಯರಿಗೆ ಒಡನೆಯೇ ಕರೆ ಹೋಗುತ್ತದೆ. ಹೋಗದಿದ್ದರೂ ಅವರು ಬರುತ್ತಾರೆ. ಕಚೇರಿಯ ಕಡತಗಳನ್ನು ಕಟ್ಟುವುದರಲ್ಲಿಯೇ ಆಯುಷ್ಯದ ಬಹುಭಾಗವನ್ನು ಸವೆಸಿ ನಿವೃತ್ತರಾದ ಈ ಮಹನೀಯರು, ಲೋಕದ ಸಕಲ ವಸ್ತುಗಳನ್ನೂ ಒಡೆದವು, ಒಡೆಯಲಿರುವವು ಎಂದು ಎರಡೇ ವರ್ಗಗಳಾಗಿ ವಿಂಗಡಿಸಿರುವವರು. ಅವರ ಮನೆಯ ಅಟ್ಟವು ಸೆಣಬಿನ ಹುರಿ, ಹಳೆಯ ಪಂಚೆ, ರಟ್ಟಿನ ಪೆಟ್ಟಿಗೆ, ವೃತ್ತಪತ್ರಿಕೆಗಳಿಂದ ತುಂಬಿಹೋಗಿ, ಮನೆಯಾಕೆಯ ಹಪ್ಪಳದ ಡಬ್ಬಕ್ಕೆ ಅಲ್ಲಿ ಎಡೆಯಿಲ್ಲದೆ ಎಷ್ಟೋ ಕಾಲವಾಯಿತು. ಗಂಟನ್ನು ಬಿಚ್ಚದೆ ಹುರಿಯನ್ನೇ ಕೊಯ್ಯುವವರ ಮನೆಗೆ ಹೆಣ್ಣು ಕೊಡಲಾಗದೆಂಬುದು ಅವರ ಖಚಿತಾಭಿಪ್ರಾಯ.

ಅವರ ಶಾಸ್ತ್ರಜ್ಞಾನವೇನೂ ಪೊಳ್ಳಲ್ಲ. ಮೈಯಿಂದ ಹೊರಚಾಚಿದ ಅಂಗವೇ ಮೊದಲು ಮುರಿಯತಕ್ಕದ್ದೆಂದು ಬಲ್ಲವರಾದುದರಿಂದ, ಕೃಷ್ಣನ ಕೊಳಲು, ಸರಸ್ವತಿಯ ವೀಣೆ, ಶೆಟ್ಟರ ಮೂಗು ಇವುಗಳಿಗೆ ಅರಳೆಯಿಟ್ಟು ಮೆತ್ತನೆಯ ಬಟ್ಟೆ ಸುತ್ತುವರು. ಒಂದು ಬೊಂಬೆಯನ್ನು ಇನ್ನೊಂದಕ್ಕೆ ತಾಗಗೊಡರು. ಭಾರವಾದುದನ್ನು ಕೆಳಗೂ ಹಗುರವಾದುದನ್ನು ಮೇಲೂ ಇರಿಸಿ, ಆರು ಮಗ್ಗುಲಿಗೂ 2 ಅಂಗುಲಕ್ಕೆ ಕಡಮೆಯಿಲ್ಲದಂತೆ ಕಾಗದದ ಉಂಡೆಗಳನ್ನು ತುರುಕಿ, ಮುಚ್ಚಿದ ಪೆಟ್ಟಿಗೆಯನ್ನು ಕಿವಿಯ ಬಳಿ ಹಿಡಿದು ಅಲುಗಿಸಿ, ಒಳಗಿನಿಂದ 'ಲೊಟಕ್' ಎಂದಿತೋ ಸಮಸ್ತವನ್ನೂ ಹೊರದೆಗೆದು ಮೊದಲಿನಿಂದ ಆರಂಭಿಸುವರು. ಅನಂತರ ಆ ಪೆಟ್ಟಿಗೆಯು ಮತ್ತೊಂದು ಪೆಟ್ಟಿಗೆಯನ್ನು ಸೇರಿ, ನಡುವಣ ತೆರಪಿಗೆ ಭತ್ತದ ಹುಲ್ಲು ತುಂಬಿ, ಹೊರಗಿನ ಗೋಣಿತಟ್ಟಿಗೆ ದಬ್ಬಳದ ಹೊಲಿಗೆಯೂ ಅರಗಿನ ಮುದ್ರೆಯೂ ಬೀಳುವುವು.

"ಇಷ್ಟು ಸಾಕಲ್ಲವೇ, ರಾಯರೇ?" ಎಂದು ಮನೆಯ ಯಜಮಾನರು ಅಂಜುತ್ತಂಜುತ್ತ ಕೇಳಿದರೆ, "ಸಾಕೇ? ಗಾಡಿಯಿಂದ ಇಳಿಸುವವನೇನು ನಿಮ್ಮ ಭಾವಮೈದುನನೇ, ನೋಡಿಕೊಂಡು ಇಳಿಸುವುದಕ್ಕೆ?" ಎಂಬ ಪ್ರತ್ಯುತ್ತರ ಸಿದ್ಧವಾಗಿರುತ್ತದೆ. ಆ ಮನೆಯ ಮೊಮ್ಮಗನು ಗಾಳಿಗುಳ್ಳೆಗಳ ಪ್ಲಾಸ್ಟಿಕ್ ಹಾಳೆಯನ್ನು ತಂದು, ಇದು 1957ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಇಬ್ಬರು ಗೋಡೆಗೆ ಅಂಟಿಸುವ ಹೊಸ ಬಗೆಯ ಹಾಳೆಯನ್ನು ಮಾಡಹೊರಟಾಗ ಹುಟ್ಟಿ, ಗೋಡೆಗೆ ಒಗ್ಗದೆ, ಮುಂದೆ ಸರಕು ಕಟ್ಟುವುದಕ್ಕೆ ಬಳಕೆಯಾಯಿತೆಂದು ವಿವರಿಸಿದರೆ, "ಗೋಡೆಗೇ ಬೇಡವಾದದ್ದು ನಮ್ಮ ಸರಸ್ವತಿಗೇಕಯ್ಯ?" ಎನ್ನುವರು, ಮನೆಯ ಮಕ್ಕಳು ಸಂಜೆಯೊಳಗಾಗಿ ಗುಳ್ಳೆಗಳನ್ನೆಲ್ಲ ಒಡೆದು ಮುಗಿಸುವುದರಿಂದ ಆ ವಾದವು ಮುಂದುವರಿಯುವುದಿಲ್ಲ. ಪೆಟ್ಟಿಗೆಯನ್ನು ಬಿಚ್ಚಬೇಕಾದ ಕ್ರಮವನ್ನು ರಾಯರು ದುಂಡಕ್ಷರಗಳಲ್ಲಿ ಸವಿಸ್ತರವಾಗಿ ಬರೆದು, ಮಳೆಯಲ್ಲಿ ನೆನೆಯದಿರಲೆಂದು ಒಳಪೆಟ್ಟಿಗೆಯ ತಳದಲ್ಲಿ ಇಡುವುದೂ ಉಂಟು.

ಹದಿನೈದು ದಿವಸಗಳಲ್ಲಿ ಮಗಳ ಕಾಗದ ಬರುತ್ತದೆ: ಬೊಂಬೆಗಳು ಒಂದಿಷ್ಟೂ ಮುಕ್ಕಾಗದೆ ತಲುಪಿದುವು, ಪಾರ್ಸೆಲಿನವರು ಬಹಳ ಜೋಪಾನವಾಗಿ ತಂದುಕೊಟ್ಟರು, ಅವರಿಗೆ ಪುಣ್ಯ ಬರಲಿ. ಒಡೆದರೆ ಕಟ್ಟಿದವನ ತಪ್ಪು, ಉಳಿದರೆ ಹೊತ್ತವನ ಪುಣ್ಯ ಎಂಬ ಈ ಲೋಕನ್ಯಾಯದಿಂದ ನೊಂದ ರಾಯರು, ಬರುವ ವರ್ಷ 2 ಅಂಗುಲದ ಕಡೆ ಒಂದೇ ಅಂಗುಲ ತುಂಬುವೆನೆಂದು ಬೀದಿಯವರೆಲ್ಲ ಕೇಳುವಂತೆ ಪ್ರತಿಜ್ಞೆ ಮಾಡುತ್ತಾರೆ. ಬರುವ ವರ್ಷ 3 ಅಂಗುಲ ತುಂಬುತ್ತಾರೆ.