ಫಲಕವಿಲ್ಲದ ಹರವಿ

ಡಿಸೆಂಬರ್ ಬಂತೆಂದರೆ ಬೆಳಗಾವಿಯಲ್ಲಿ ಲಾಡ್ಜ್ ಸಿಗುವುದಿಲ್ಲ, ಬಾಡಿಗೆ ಕಾರು ಸಿಗುವುದಿಲ್ಲ, ಕುಂದಾ ಕೂಡ ಡಬ್ಬಿ ತುಂಬಿಕೊಂಡು ಬೆಂಗಳೂರಿಗೆ ಹೊರಟುಬಿಡುತ್ತದೆ. ಚಳಿಗಾಲದ ಅಧಿವೇಶನ! ನಮ್ಮ ಸುವರ್ಣ ವಿಧಾನಸೌಧದ ಉದ್ಘಾಟನೆಯಾದದ್ದು 2012ರ ಅಕ್ಟೋಬರ್ 11ರಂದು. ಅದೇ ವರ್ಷದ ಡಿಸೆಂಬರ್ 12ಕ್ಕೆ ಕೊಚ್ಚಿಯ ಮೊದಲ ಬಿನಾಲೆ ಶುರುವಾಯಿತು. ಕೊಚ್ಚಿಯವರು ಹಳೇ ಗೋದಾಮುಗಳನ್ನು ಹುಡುಕಿ ಜಗತ್ತಿನ ಕಲಾವಿದರಿಂದ ತುಂಬಿಸಿದರು. ನಾವು ಹೊಸ ಸೌಧ ಕಟ್ಟಿ, ಅಧಿವೇಶನದ ಹತ್ತು ದಿನ ಬಿಟ್ಟರೆ ಅದರ ಸಭಾಂಗಣಗಳನ್ನು ಖಾಲಿ ಇಟ್ಟೆವು. ಖಾಲಿತನವನ್ನು ಇಷ್ಟು ಖರ್ಚಿನಲ್ಲಿ ಪ್ರದರ್ಶಿಸುವ ಎದೆಗಾರಿಕೆ ಯಾವ ವಿದೇಶಿ ಕಲಾವಿದನಿಗಿದೆ?

ಮಂತ್ರಿಗಳ ಕಾರುಗಳ ಗದ್ದಲ ತಾಳದೆ ನಾನೂ ನಮ್ಮಾಕಿಯೂ ಪಣಜಿಯ ದಾರಿ ಹಿಡಿದೆವು. ಅಲ್ಲಿ 2016ರಲ್ಲಿ ಶುರುವಾದ ಸೆರೆಂಡಿಪಿಟಿ ಕಲಾ ಉತ್ಸವವೂ ಡಿಸೆಂಬರಿನಲ್ಲೇ. ಊರ ತುಂಬ ಕಲೆ. ಹೆಸರು ನೋಂದಾಯಿಸಿದರೆ ಪ್ರವೇಶ ಪುಕ್ಕಟೆ. ಪುಕ್ಕಟೆ ಎಂದ ಮೇಲೆ ಸಮಕಾಲೀನ ಕಲೆಯ ಮೇಲೆ ನನಗೆ ಮೊದಲಿಂದಲೂ ಅಭಿಮಾನ.

ಮೊದಲ ಕಲಾಕೃತಿ ಸಿಕ್ಕದ್ದು ಗೋವೆಯಲ್ಲಲ್ಲ, ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ. ಕೆಂಪು ಮಣ್ಣನ್ನು ಆಳಕ್ಕೆ ಸೀಳಿ, ಕಾಂಕ್ರೀಟು ಮೆತ್ತಿ ಬಿಟ್ಟ ಕಳಸಾ ಕಾಲುವೆ, ಹುಬ್ಬಳ್ಳಿ–ಧಾರವಾಡಕ್ಕೆ ಮಹದಾಯಿಯ ನೀರು ತರುವ ಯೋಜನೆಯದು. 2006ರಲ್ಲಿ ಅಡಿಗಲ್ಲು. 2018ರ ಆಗಸ್ಟಿನಲ್ಲಿ ಮಹದಾಯಿ ನ್ಯಾಯಮಂಡಳಿ ಕಳಸಾ–ಬಂಡೂರಿ ನಾಲೆ ಎರಡಕ್ಕೂ ಸೇರಿಸಿ 3.9 ಟಿಎಂಸಿ ನೀರು ಕೊಟ್ಟಿತು. 2020ರಲ್ಲಿ ಕೇಂದ್ರದ ಅಧಿಸೂಚನೆಯೂ ಬಂತು. ಕೃತಿ ಮಾತ್ರ ಇನ್ನೂ ಅಪೂರ್ಣ. ಕಲಾವಿದರು ಬದಲಾಗುತ್ತಾರೆ: ಒಂದೊಂದು ಪಕ್ಷದವರೂ ಒಮ್ಮೊಮ್ಮೆ ಬಂದು, ಒಳಗೆ ಇಣುಕಿ, ಫೋಟೊ ತೆಗೆಸಿಕೊಂಡು, ವಿರೋಧ ಪಕ್ಷವೇ ಕಾರಣವೆಂದು ಸಾರಿ ಹೋಗುತ್ತಾರೆ.

ಚೋರ್ಲಾ ಘಾಟಿಯ ತಿರುವುಗಳಲ್ಲಿ ಹೊಟ್ಟೆ ತೊಳಸಿಕೊಂಡು ಪಣಜಿ ಮುಟ್ಟಿದೆವು. ಹಳೇ ಮೆಡಿಕಲ್ ಕಾಲೇಜಿನ ಕಟ್ಟಡದಲ್ಲಿ ಪ್ರದರ್ಶನ. ಈ ಉತ್ಸವಗಳ ಗೋಡೆಫಲಕ, ಕೊಚ್ಚಿಯದಿರಲಿ ವೆನಿಸ್ಸಿನದಿರಲಿ, ತಾನೇ ಒಂದು ಸಾಹಿತ್ಯ ಪ್ರಕಾರ. ದೇಹ, ಗಡಿ, ಸ್ಮೃತಿ, ಸ್ಥಳಾಂತರ, ಪ್ರತಿರೋಧ: ಐದು ಶಬ್ದಗಳನ್ನು ಇಸ್ಪೀಟಿನಂತೆ ಕಲಸಿ ಹಂಚಿದರೆ ಫಲಕ ತಯಾರು. ಕೃತಿ ನೋಡಲು ಅರ್ಧ ನಿಮಿಷ, ಫಲಕ ಓದಲು ಐದು. ನಾನು ಪ್ರತಿ ಫಲಕದ ಮುಂದೆಯೂ ಗಲ್ಲ ಕೆರೆದುಕೊಂಡು ತಲೆಯಾಡಿಸಿದೆ. ‘ತಿಳೀತೇನ್ರಿ?’ ಅಂದಳು. ‘ಬಾಳ ಆಳ ಐತಿ’ ಅಂದೆ. ‘ಕಣಕುಂಬಿ ಕಾಲುವಿನೂ ಆಳನ ಐತಿ’ ಅಂದಳು.

ತಪ್ಪು ನಮ್ಮ ಕಣ್ಣಿನದೂ ಹೌದು. ಬೆಳಗಾವಿ ಭಾವಚಿತ್ರ ಕಲಾವಿದ ಕೆ.ಬಿ. ಕುಲಕರ್ಣಿಯವರ ಊರು. ರವಿ ಪರಾಂಜಪೆಯಂಥವರು ಅವರ ಕೈಕೆಳಗೆ ಪಳಗಿದರು. ಅಂಥ ಭಾವಚಿತ್ರಗಳನ್ನು ನೋಡಿ ಬೆಳೆದ ನಾವು ಚಿತ್ರದ ಮುಂದೆ ನಿಂತು ಕೇಳುವ ಪ್ರಶ್ನೆ ಒಂದೇ: ‘ಥೇಟ್ ಅವರ್ಹಂಗ ಬಂದೈತಿಲ್ಲೋ?’

ಹಾಗಂತ ಎಲ್ಲವೂ ಬುರುಡೆಯಲ್ಲ. ಕೊಚ್ಚಿಯ ಆ ಮೊದಲ ಬಿನಾಲೆಗೆ ಭದ್ರಾವತಿಯಲ್ಲಿ ಹುಟ್ಟಿದ ಕಲಾವಿದೆ ಶೀಲಾ ಗೌಡ, ಕ್ರಿಸ್ಟಫ್ ಸ್ಟೋರ್ಜ್ ಜೊತೆಗೂಡಿ, ಬೆಂಗಳೂರಿನಿಂದ 170ರಷ್ಟು ಒರಳುಕಲ್ಲು ಸಾಗಿಸಿದ್ದರು. ಮಿಕ್ಸರ್ ಬಂದ ಮೇಲೆ, ಒಡೆಯಲು ಮನಸ್ಸಾಗದೆ, ಇಡಲು ಜಾಗವಿಲ್ಲದೆ ಮನೆಯವರು ಬೀದಿಗೆ ಬಿಟ್ಟ ಕಲ್ಲುಗಳು. ಮೊಬೈಲಿನಲ್ಲಿ ಅದರ ಫೋಟೊ ತೋರಿಸಿದೆ. ನಮ್ಮಾಕಿಗೆ ಫಲಕ ಬೇಕಾಗಲಿಲ್ಲ. ‘ನಮ್ಮತ್ತಿದೂ ಹಿಂಗ ತುಳಸಿಕಟ್ಟಿ ಹಿಂದ ಬಿದ್ದೈತಲ್ರಿ’ ಅಂದಳು. ಅವಳ ಅತ್ತೆ ಎಂದರೆ ನನ್ನವ್ವ. ಮೊಬೈಲು ಕಿಸೆಗೆ ಹಾಕಿದೆ.

ಹೊರಗೆ ಮಾಂಡೋವಿ. ಭೀಮಗಡದ ಕಾಡಿನಲ್ಲಿ ಮಹದಾಯಿಯಾಗಿ ಹುಟ್ಟಿ, ಗೋವೆಗೆ ಬಂದು ಹೆಸರು ಬದಲಿಸಿಕೊಂಡ ನಮ್ಮ ಖಾನಾಪುರದ ಹೆಣ್ಣುಮಗಳು. ಅವಳ ಮೈಮೇಲೆ ದೀಪ ಹಚ್ಚಿಕೊಂಡು ಕ್ಯಾಸಿನೊ ಹಡಗುಗಳು ತೇಲುತ್ತಿದ್ದವು. ನೀರಿನ ಮೇಲೆ ಜೂಜಾಡಲು ಯಾವ ನ್ಯಾಯಮಂಡಳಿಯೂ ಬೇಕಾಗಿಲ್ಲ. ಹುಬ್ಬಳ್ಳಿ–ಧಾರವಾಡದವರು ಕುಡಿಯುತ್ತೇವೆ ಎಂದಾಗಲೇ ಕಡತ ಬಿಚ್ಚಬೇಕಾಗುತ್ತದೆ.

ಮರಳುವಾಗ ಅನಮೋಡ, ಲೋಂಡಾ ಹಾದು ಖಾನಾಪುರಕ್ಕೆ ಬಂದೆವು. ಖಾನಾಪುರವೆಂದರೆ ಹಂಚು, ಇಟ್ಟಂಗಿ, ಗಡಿಗೆ. ಖಾದಿ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆ ಇರುವುದೂ ಇಲ್ಲೇ. ರಸ್ತೆ ಬದಿ ಹರವಿಗಳನ್ನು ಬೋರಲು ಹಾಕಿ ಒಬ್ಬ ಅಜ್ಜ ಕೂತಿದ್ದ. ಪಣಜಿಯಲ್ಲಿ ಬೆಲೆಯೇ ಬರೆಯದ ಮಣ್ಣಿನ ಕೃತಿಗಳ ಮುಂದೆ ಕೈಕಟ್ಟಿ ನಿಂತಿದ್ದವನು ಇಲ್ಲಿ ನೂರಾ ಐವತ್ತಕ್ಕೆ ನೂರಾ ಇಪ್ಪತ್ತು ಕೇಳಿದೆ.

ಅಜ್ಜ ಒಂದೊಂದನ್ನೇ ಎತ್ತಿ ಬೆರಳ ಗೆಣ್ಣಿನಿಂದ ಬಡಿದ. ಟಣ್. ಟಣ್. ಮೂರನೆಯದು ‘ಡಬ್’ ಎಂದಿತು. ಆವಿಗೆಯಲ್ಲೇ ಎದ್ದ ಬಿರುಕು. ಕಂಠದಿಂದ ಹೊಟ್ಟೆಯವರೆಗೆ ಕೂದಲೆಳೆಯಷ್ಟು, ಬಲು ಚಂದವಿತ್ತು. ಅದನ್ನು ಪಕ್ಕಕ್ಕೆ ತಳ್ಳಿದ. ‘ಅಜ್ಜಾ, ಅದಕ್ಕೊಂದು ಬೋರ್ಡ್ ಬರದು ಹಚ್ಚು, ಗೋವಾದಾಗ ಲಕ್ಷಕ್ಕ ಹೋಗತೈತಿ’ ಅಂದೆ.

‘ಹೆಂಗ್ರೀ ಸಾಹೇಬ್ರ, ನೀರ ನಿಲ್ಲೂದಿಲ್ಲ ಅದರಾಗ.’

ನೂರಾ ಐವತ್ತು ಕೊಟ್ಟೆ. ನಮ್ಮಾಕಿ ಪಣಜಿಯಿಂದ ತಂದ ಬಟ್ಟೆಚೀಲವನ್ನು ತಿರುಚಿ ಸಿಂಬಿ ಮಾಡಿ, ಹಿಂದಿನ ಸೀಟಿನ ಮೇಲೆ ಹರವಿ ಕೂರಿಸಿದಳು.