ಸೂಪಾ ಒಡೆದ ರಾತ್ರಿ

ನಮ್ಮ ಹೋಮ್‌ಸ್ಟೇಯ ಲೆಕ್ಕದ ಪುಸ್ತಕದಲ್ಲಿ ನಮ್ಮನೆಯವರು ‘ಇತರೆ’ ಎಂದು ಒಂದು ಕಾಲಂ ಇಟ್ಟಿದ್ದಾರೆ. ಹಾಲು, ತರಕಾರಿ, ಗ್ಯಾಸು, ಕರೆಂಟು, ಹಾಸಿಗೆ ಬಟ್ಟೆ ಒಗೆಸಿದ್ದು, ಎಲ್ಲಕ್ಕೂ ಅದರದರದೇ ಕಾಲಂ ಉಂಟು. ‘ಇತರೆ’ಯಲ್ಲಿ ಏನಿದೆ ಎಂದು ಅವರು ಬಾಯಿಬಿಟ್ಟು ಹೇಳುವುದಿಲ್ಲ. ತಿಂಗಳ ಕೊನೆಗೆ ಕೂಡಿಸುತ್ತ ಕೂಡಿಸುತ್ತ ಅಲ್ಲಿಗೆ ಬಂದಾಗ ಕನ್ನಡಕ ತೆಗೆದು ಒರೆಸುತ್ತಾರೆ, ಬರಿಗಣ್ಣಲ್ಲಿ ನನ್ನನ್ನೊಮ್ಮೆ ನೋಡುತ್ತಾರೆ, ಮತ್ತೆ ಕನ್ನಡಕ ಏರಿಸುತ್ತಾರೆ. ಅತಿಥಿಗಳು ಕೊಟ್ಟುಹೋದದ್ದರಲ್ಲಿ ದೊಡ್ಡ ಪಾಲು ‘ಇತರೆ’ ತಿಂದುಹಾಕಿರುತ್ತದೆ. ತಿಂದು, ಅಂಗಳದಲ್ಲಿ ಬಿಸಿಲು ಕಾಯಿಸುತ್ತ ಮಲಗಿರುತ್ತದೆ.

ನಾವಿರುವುದು ಜೋಯಿಡಾ ಕಡೆ, ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಅಂಚಿನಲ್ಲಿ. ಅಡಿಕೆ ಒಂದನ್ನೇ ನಂಬಿ ಕೂರುವ ಕಾಲ ಹೋಯಿತು ಎಂದು ನಮ್ಮನೆಯವರು ಹಳೆಯ ಮನೆಯ ಪಕ್ಕ ಸಾಲಾಗಿ ಕೋಣೆ ಕಟ್ಟಿಸಿ, ಮುಂದೊಂದು ಉದ್ದನೆಯ ವರಾಂಡ ಎಳೆಸಿದರು. ಮಂಗಟ್ಟೆ ಹಕ್ಕಿ ನೋಡಲು ಬರುವವರು ಉದ್ದುದ್ದ ಕ್ಯಾಮೆರಾ ಹೊತ್ತು ಬರುತ್ತಾರೆ. ನಮ್ಮ ಕಡೆ ನಾಲ್ಕು ಜಾತಿಯ ಮಂಗಟ್ಟೆ ಇವೆ. ನಾಲ್ಕನ್ನೂ ಒಂದೇ ದಿನ ತೋರಿಸಿ ಎನ್ನುವವರೂ ಇದ್ದಾರೆ. ರಾಫ್ಟಿಂಗಿಗೆ ಬರುವ ಹುಡುಗರಿಗೆ ಹಕ್ಕಿಯ ಗೊಡವೆ ಇಲ್ಲ. ಮೇಲಿನ ಸೂಪಾ ಅಣೆಕಟ್ಟಿನಿಂದ ನೀರು ಬಿಟ್ಟರೆ ಮಾತ್ರ ಗಣೇಶಗುಡಿಯಲ್ಲಿ ಅವರ ದೋಣಿ ಏಳುತ್ತದೆ. ಹಾಗಾಗಿ ಬೆಳಿಗ್ಗೆ ಎದ್ದವರೇ ಹಲ್ಲುಜ್ಜುತ್ತ ಕೇಳುವುದು ಒಂದೇ: ‘ಆಂಟಿ, ಸೂಪಾದಲ್ಲಿ ನೀರು ಬಿಟ್ಟಿದಾರಾ?’

ಈ ಪ್ರಶ್ನೆಗೆ ನಮ್ಮ ಮನೆಯಲ್ಲಿ ಎರಡು ಉತ್ತರ ಇರಲು ಕಾರಣ ನಾನೇ. ಸಾಕಿಕೊಂಡ ನಾಯಿಗಳನ್ನು ರಾಜು, ಟಾಮಿ ಎಂದೆಲ್ಲ ಕರೆದು ಬೇಸರ ಬಂದು, ಕಾಳಿ ಯೋಜನೆಯ ಅಣೆಕಟ್ಟುಗಳ ಹೆಸರಿಡಲು ಶುರುಮಾಡಿದ್ದೆ. ಸೂಪಾ, ಬೊಮ್ನಳ್ಳಿ, ತಟ್ಟಿಹಳ್ಳ, ಕೊಡಸಳ್ಳಿ, ಕದ್ರಾ. ಸಿಕ್ಕಸಿಕ್ಕಲ್ಲಿ ನೀರು ಬಿಡುವ ಜಾತಿಗೆ ಇದಕ್ಕಿಂತ ಒಪ್ಪುವ ಹೆಸರು ಉಂಟೇ? ಮಳೆಗಾಲದಲ್ಲಿ ನಮ್ಮನೆಯವರು ತಿಂಡಿ ಬಡಿಸುತ್ತಲೇ ಅಡುಗೆಮನೆಗೆ ಸಂಕೇತ ಕೊಡುತ್ತಿದ್ದರು: ‘ಕೊಡಸಳ್ಳಿ ಗೇಟು ತೆಗೆದಾಯ್ತು, ಮೆಟ್ಟಿಲ ಹತ್ತಿರ.’ ನಾನು ನೆಲ ಒರೆಸುವ ಬಟ್ಟೆ ಹಿಡಿದು ಓಡುತ್ತಿದ್ದೆ. ಅತಿಥಿಗಳು ‘ಎಷ್ಟು ಕ್ಯೂಸೆಕ್ಸು ಸರ್?’ ಎಂದು ಗಂಭೀರವಾಗಿ ವಿಚಾರಿಸುತ್ತಿದ್ದರು.

ಈ ನಾಯಿಗಳು ಎಲ್ಲಿಂದ ಬರುತ್ತವೆ ಎಂದು ಕೇಳಬೇಡಿ, ಹೇಳಹೊರಟರೆ ನನ್ನ ನಾಲಿಗೆ ಹದ ತಪ್ಪುತ್ತದೆ. ಪೇಟೆಯಲ್ಲಿ ಸಾಕಲಾಗದ ಮರಿಗಳನ್ನು ಗೋಣಿಚೀಲಕ್ಕೆ ತುಂಬಿ, ಕಾರಿನ ಡಿಕ್ಕಿಯಲ್ಲಿಟ್ಟು, ಎಸಿ ಹಾಕಿಕೊಂಡು ಕಾಡಿನ ತನಕ ಬಂದು ಬಿಟ್ಟುಹೋಗುವ ಪುಣ್ಯಾತ್ಮರಿದ್ದಾರೆ. ಹೆಣ್ಣುಮರಿಗಳೇ ಹೆಚ್ಚು. ‘ಕಾಡಲ್ಲಿ ಹೇಗೋ ಬದುಕ್ತವೆ ಅಲ್ವಾ ಆಂಟಿ’ ಎಂದು ನನಗೇ ಸಮಾಧಾನ ಹೇಳಿದವರೂ ಇದ್ದಾರೆ. ಕಾಡಲ್ಲಿ ಹೇಗೋ ಬದುಕುವುದು ಕಾಡಿನವಕ್ಕೇ ಕಷ್ಟ, ಪಾರ್ಲೆ-ಜಿ ತಿಂದು ಬೆಳೆದದ್ದು ಏನು ಮಾಡೀತು?

ಅತ್ತೆಯವರದು ಇನ್ನೊಂದು ಕತೆ. ನಾಯಿ ಹೊಸ್ತಿಲು ದಾಟಬಾರದು, ನಾಯಿಯ ಮೊಟ್ಟೆ ಒಳಗಿನ ಒಲೆಯ ಮೇಲೆ ಬೇಯಬಾರದು ಎಂಬ ಎರಡು ಕಟ್ಟಳೆ ಹಾಕಿ ಅವರು ನನ್ನ ಹುಚ್ಚಿಗೆ ಅನುಮತಿ ಕೊಟ್ಟರು. ಕೊಟ್ಟಿಗೆಯ ಹಿಂದೆ ಮೂರು ಕಲ್ಲಿಟ್ಟು ಮೊಟ್ಟೆ ಬೇಯಿಸುತ್ತೇನೆ. ಹೋಮ್‌ಸ್ಟೇಯಲ್ಲಿ ತಂಬುಳಿ, ಅಪ್ಪೆಹುಳಿ ಸುರಿದುಕೊಂಡು ಉಂಡ ಅತಿಥಿಗಳಲ್ಲಿ ಒಬ್ಬಿಬ್ಬರು ಸಂಜೆ ಹೊತ್ತು ವಾಸನೆ ಹಿಡಿದು ಕೊಟ್ಟಿಗೆಯ ಹಿಂದಕ್ಕೆ ಬರುವುದುಂಟು. ‘ಮೇಡಂ, ನಮಗೂ ಒಂದು...’ ಎಂದು ತಲೆ ಕೆರೆಯುತ್ತಾರೆ. ಕೊಡುತ್ತೇನೆ. ಅದೂ ‘ಇತರೆ’ಗೇ ಹೋಗುತ್ತದೆ.

ಈಗ ಆ ರಾತ್ರಿಗೆ ಬರುತ್ತೇನೆ. ಸೂಪಾ ನಮ್ಮ ಗುಂಪಿನಲ್ಲಿ ಅಚ್ಚ ಕರಿ ಹೆಣ್ಣುನಾಯಿ. ಎರಡು ತಿಂಗಳಿಗೆಲ್ಲ ಮರಿ ಹಾಕುವ ಜಾತಿ, ಬಿಟ್ಟರೆ ನಮ್ಮ ಅಣೆಕಟ್ಟುಗಳಿಗೆ ಉಪನದಿಗಳು ಹುಟ್ಟಿಯಾವು ಎಂದು ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದ್ದೆವು. ದಾಂಡೇಲಿಯಿಂದ ಸರ್ಕಾರಿ ಪಶುವೈದ್ಯರು ಬಂದಿದ್ದರು. ಹೊಲಿಗೆ ನೆಕ್ಕದಂತೆ ಕುತ್ತಿಗೆಗೆ ಹಾಕುವ ಪಟ್ಟಿ ನಮ್ಮ ಕಡೆಯ ಅಂಗಡಿಗಳಲ್ಲಿ ಸಿಗುವುದಿಲ್ಲ. ಪೇಂಟಿನ ಬಿಳಿ ಬಕೆಟ್ಟಿನ ತಳ ಕತ್ತರಿಸಿ, ಸೂಪಾದ ತಲೆ ತೂರಿಸಿ, ಹಗ್ಗ ಕಟ್ಟಿದೆ. ಹಗಲು ಅದು ಬಕೆಟ್ಟು ಹಾಕಿಕೊಂಡ ನಾಯಿಯಂತೆಯೇ ಕಾಣುತ್ತಿತ್ತು. ಕತ್ತಲಲ್ಲಿ ಮಾತ್ರ ನಾಯಿ ಮಾಯವಾಗಿ, ಗಾಳಿಯಲ್ಲಿ ತೇಲುವ ಒಂದು ಬಿಳಿ ಬಳೆ, ಅದರ ನಡುವೆ ಹಸಿರಾಗಿ ಹೊಳೆಯುವ ಎರಡು ಕಣ್ಣು, ಇಷ್ಟೇ ಉಳಿಯುತ್ತಿತ್ತು.

ಆ ದಿನ ಮೈಸೂರಿನ ಕಡೆಯ ನಿವೃತ್ತ ಬ್ಯಾಂಕ್ ಮ್ಯಾನೇಜರ್ ದಂಪತಿ ಇಳಿದುಕೊಂಡಿದ್ದರು. ಬೆಳಿಗ್ಗೆ ಸಫಾರಿಯಲ್ಲಿ ಮುಸುವ, ಕೆಂಜಳಿಲು ಬಿಟ್ಟರೆ ಏನೂ ಕಾಣದೆ ಅಸಮಾಧಾನಗೊಂಡಿದ್ದ ಯಜಮಾನರು ಮಧ್ಯಾಹ್ನ ಸೂಪಾ ನೋಡಿಬಂದು ಅದರ ಅಂಕಿಸಂಖ್ಯೆ ಬರೆದುಕೊಂಡು ಸ್ವಲ್ಪ ತಣಿದಿದ್ದರು. ನಮ್ಮನೆಯವರು ಯಲ್ಲಾಪುರದ ಕಡೆ ಒಂದು ಉಪನಯನಕ್ಕೆ ಹೋಗಿದ್ದರು. ರಾತ್ರಿ ಎಂದಿನಂತೆ ಕರೆಂಟು ಹೋಯಿತು.

ನಡುರಾತ್ರಿ ಕರ್‌ರ್‌ರ್ ಎಂಬ ಸದ್ದಿಗೆ ಎಚ್ಚರವಾಯಿತು. ಕೂಡಿಹಾಕಿದ್ದ ಕೋಣೆಯ ಚಿಲಕ ಎಬ್ಬಿ ಸೂಪಾ ಹೊರಬಿದ್ದಿತ್ತು. ವರಾಂಡದ ಕೆಂಪುಕಲ್ಲಿನ ಗೋಡೆಗೆ ಬಕೆಟ್ಟು ಉಜ್ಜಿಕೊಂಡು ಒಂದೊಂದೇ ಬಾಗಿಲಿಗೆ ಹೋಗುತ್ತಿತ್ತು. ಪ್ರತಿ ಬಾಗಿಲಲ್ಲೂ ಬಿಸ್ಕತ್ತು ಸಿಗುತ್ತದೆ ಎಂದು ಅತಿಥಿಗಳೇ ಅದಕ್ಕೆ ಕಲಿಸಿದ್ದು. ಬಕೆಟ್ಟಿನಿಂದ ಧಡ್ ಎಂದು ಒಂದು ಗುದ್ದು, ಸ್ವಲ್ಪ ಕಾಯುವುದು, ಮುಂದಿನ ಬಾಗಿಲು. ನಾನು ನೈಟಿಯ ಮೇಲೊಂದು ಟವೆಲ್ ಹೊದ್ದು, ಬಡಿದರೆ ಮಾತ್ರ ಹತ್ತುವ ಟಾರ್ಚು ಬಡಿಯುತ್ತ ಓಡುವಷ್ಟರಲ್ಲಿ ಮ್ಯಾನೇಜರು ಬಾಗಿಲು ಚೂರೇ ತೆರೆದು ‘ಯಾರದು? ಹೆಸರು ಹೇಳಿ’ ಎಂದರು. ಸೂಪಾ ಆನಂದದಿಂದ ತಲೆ ತೂರಿಸಿತು. ಅವರು ಕೂಗಿ ಬಾಗಿಲು ಒತ್ತಿದರು. ಬಕೆಟ್ಟು ಬಾಗಿಲ ಸಂದಿಗೆ ಸಿಕ್ಕಿ, ತಲೆ ಒಳಗೂ ದೇಹ ಹೊರಗೂ ಉಳಿಯಿತು. ನಾನು ಅದರ ಸೊಂಟ ಹಿಡಿದು ಎಳೆದೆ.

‘ಮೇಡಂ! ಏನೋ ಒಳಗೆ ನುಗ್ತಾ ಇದೆ!’

‘ಗಾಬರಿ ಆಗಬೇಡಿ ಸರ್. ಸೂಪಾ ಅದು.’

ಒಳಗೆ ಅರೆಗಳಿಗೆ ಸದ್ದಿಲ್ಲ. ಆಮೇಲೆ ಅವರ ಹೆಂಡತಿಯ ದನಿ: ‘ರೀ, ಸೂಪಾ ಅಂದ್ರೆ ಮಧ್ಯಾಹ್ನ ನೋಡಿದ್ವಲ್ಲಾ?’

‘ಅದೇ ಕಣೇ. ಬೆಳ್ಳಗೆ ಕಂಡದ್ದು ನೊರೆ!’

ನೊರೆ ಎಂದದ್ದು ನನಗೆ ನಾಯಿಯ ಬಾಯಿಯ ನೊರೆ ಎಂದೇ ಕೇಳಿಸಿತು. ಹುಚ್ಚುನಾಯಿ ಎಂದುಕೊಂಡರೋ ಏನೋ, ಪಾಪ. ‘ಇಲ್ಲ ಸರ್, ಅಂಥದ್ದೇನಿಲ್ಲ, ಇಂಜೆಕ್ಷನ್ ಎಲ್ಲ ಆಗಿದೆ. ನೀವು ಆ ಕಡೆಯಿಂದ ಒತ್ತಬೇಡಿ. ನಿನ್ನೆ ತಾನೇ ಹೊಲಿಗೆ ಹಾಕಿದಾರೆ, ಒತ್ತಡ ಬಿದ್ದು ಬಿಚ್ಚಿಕೊಂಡರೆ ಮತ್ತೆ ಯಾರ ಕೈಲೂ ಆಗಲ್ಲ!’

‘ಹೊಲಿಗೆ ಹಾಕಿದಾರಾ? ಯಾರು ಹಾಕಿದ್ದು?’

‘ಸರ್ಕಾರದವರೇ ಸರ್.’

‘ಸರ್ಕಾರದ ಕೆಲಸಾನಾ!’ ಎಂದು ಅವರು ನರಳಿದ ನರಳಾಟ ಈಗಲೂ ನನ್ನ ಕಿವಿಯಲ್ಲಿದೆ. ‘147 ಟಿಎಂಸಿ ಕಣೇ! 101 ಮೀಟರ್ ಎತ್ತರ! ಮಂಚ ಹತ್ತು!’

ಮಂಚ ಕಿರ್ರೆಂದಿತು. ಸೂಟ್‌ಕೇಸು ಬೀರುವಿನ ಮೇಲೆ ಏರಿದ ಸದ್ದು ಬಂತು. ‘ತಾಯಿ ಚಾಮುಂಡಿ’ ಶುರುವಾಯಿತು. ನಾಯಿಯ ಎತ್ತರ 101 ಮೀಟರ್ ಎಂದು ಯಾಕೆ ಹೇಳುತ್ತಾರೆ ಎಂದು ನಾನು ಒಂದು ಕ್ಷಣ ಯೋಚಿಸಿದ್ದು ನಿಜ. ಕತ್ತಲಲ್ಲಿ ಹೆದರಿದವರ ಕಣ್ಣಿಗೆ ಎಲ್ಲವೂ ದೊಡ್ಡದೇ ಎಂದು ಬಿಟ್ಟುಬಿಟ್ಟೆ. ಒಳಗೆ ಅವರ ಚೀರಾಟ, ಹೊರಗೆ ನನ್ನ ಎಳೆದಾಟ, ನಡುವೆ ಸಿಕ್ಕಿಕೊಂಡ ಸೂಪಾ ಗಾಬರಿಬಿದ್ದು ತನ್ನ ಹೆಸರು ಉಳಿಸಿಕೊಂಡಿತು. ಹಗಲೆಲ್ಲ ಗ್ಲೂಕೋಸ್ ನೀರು ಕುಡಿಸಿದ್ದೆ ಬೇರೆ. ನಮ್ಮ ಮೇಸ್ತ್ರಿ ವರಾಂಡದ ಇಳಿಜಾರನ್ನು ಅಂಗಳದ ಕಡೆ ಕೊಡುವ ಬದಲು ಕೋಣೆಗಳ ಕಡೆ ಕೊಟ್ಟಿದ್ದ. ಹೊಸ ಕಾಲದ ಕೋಣೆಗಳೆಂದು ಹೊಸ್ತಿಲನ್ನೂ ಇಟ್ಟಿರಲಿಲ್ಲ.

‘ನೀರು ಬಂತು! ಮೇಡಂ, ನೀರು ಬಂತು! ಕಾಲಿಗೆ ಬಂತು!’ ಮತ್ತೆ, ಬೆರಗಿನಿಂದ: ‘ಬೆಚ್ಚಗಿದೆ ಕಣೇ!’

‘ಕರೆಂಟ್ ತೆಗೆದ ನೀರು ಅಲ್ವೇನ್ರೀ’ ಎಂದರು ಅವರ ಹೆಂಡತಿ ಮಂಚದ ಮೇಲಿಂದ. ‘ಬೆಚ್ಚಗೇ ಇರುತ್ತೆ.’

ಆಗ ನನಗೆ ಎಲ್ಲ ಒಮ್ಮೆಲೇ ಹೊಳೆಯಿತು. ಹೊಳೆದವಳು ಕೂಡಲೇ ‘ಅದು ನಾಯಿ ಸರ್’ ಎನ್ನಬೇಕಿತ್ತು. ನಗು ಒತ್ತಿಬಂದು, ಕೆಳಗೆ ಕೂತು, ಸೂಪಾದ ಬೆನ್ನಿಗೆ ಮುಖ ಒತ್ತಿ, ಉಸಿರು ಸಿಗದೆ ‘ಉಂ, ಉಂ’ ಎನ್ನತೊಡಗಿದೆ. ಒಳಗಿದ್ದವರು ನಾನು ಮುಳುಗುತ್ತಿದ್ದೇನೆ ಎಂದುಕೊಂಡರು. ಆ ಮನುಷ್ಯನ ದೊಡ್ಡತನ ನೋಡಿ, ‘ಮೇಡಂ, ಬಾಗಿಲ ಚೌಕಟ್ಟು ಹಿಡ್ಕೊಳ್ಳಿ, ಬಿಡಬೇಡಿ!’ ಎಂದು ಕೂಗಿದರು. ಬಾಗಿಲು ಮಾತ್ರ ತೆರೆಯಲಿಲ್ಲ.

ಕೊನೆಗೆ ಅತ್ತೆ ಬಂದರು. ಕೈಯಲ್ಲಿ ಲಾಟೀನು. ‘ನಾಯಿ ಉಚ್ಚೆ ಹೊಯ್ದಿದೆ, ಬಾಗಿಲು ತೆಗೀರಿ’ ಎಂದರು. ಬಾಗಿಲು ತೆರೆಯಿತು. ಸೂಪಾ ಬಕೆಟ್ಟಿನ ಸಮೇತ ಒಳಗೆ ಹೋಗಿ ಬಿಸ್ಕತ್ತು ಕೇಳಿತು. ಅತ್ತೆ ನೆಲ ನೋಡಿ, ನನ್ನ ನೋಡಿ, ‘ಹೊಸ್ತಿಲು ಇಡಿ ಅಂದಿದ್ದೆ’ ಎಂದು ಹೇಳಿ ಮಲಗಲು ಹೋದರು.

ಮರುದಿನ ಮ್ಯಾನೇಜರು ತೆಳ್ಳೇವು ತಿನ್ನುವಾಗ ತಟ್ಟೆ ಬಿಟ್ಟು ತಲೆ ಎತ್ತಲಿಲ್ಲ. ಬಿಲ್ಲಿನಲ್ಲಿ ಒಂದು ರಾತ್ರಿ ಬಿಟ್ಟೆವು. ಅವರ ಹೆಂಡತಿ ಹೋಗುವಾಗ ಸೂಪಾದ ಬಕೆಟ್ಟಿನೊಳಗೆ ಕೈಹಾಕಿ ಕಿವಿ ತುರಿಸಿದರು.

ನಗುವುದೆಲ್ಲ ಸರಿ. ಕದ್ರಾ ಈಗ ಇಲ್ಲ. ಚಳಿಗಾಲದ ಒಂದು ಸಂಜೆ, ನಾಯಿಗಳನ್ನು ಕೂಡಿಹಾಕುವ ಹೊತ್ತೂ ಇನ್ನೂ ಆಗಿರಲಿಲ್ಲ, ಬಚ್ಚಲಿಗೆ ಸೌದೆ ಒಟ್ಟಿದ ಜಾಗದಿಂದ ಚಿರತೆ ಹೊತ್ತುಕೊಂಡು ಹೋಯಿತು. ಕೂಗಲಿಕ್ಕೂ ಆಗಿರಲಿಲ್ಲ ಅದಕ್ಕೆ. ನಾನು ಸೌದೆಯ ಹತ್ತಿರ ನಿಂತೇ ಇದ್ದೆ. ಎರಡನೇ ಕೋಣೆಯ ಹುಡುಗರು ಓಡಿಬಂದು ‘ಆಂಟಿ, ಚಿರತೆನಾ? ಯಾವ ಕಡೆ ಹೋಯ್ತು? ಕರಿಚಿರತೆನಾ? ನಾಳೆನೂ ಇದೇ ಟೈಮಿಗೆ ಬರುತ್ತಾ?’ ಎಂದರು. ಒಬ್ಬ ಆಗಲೇ ಕ್ಯಾಮೆರಾಕ್ಕೆ ಕಾಲು ಸಿಕ್ಕಿಸುತ್ತಿದ್ದ. ನಾಳೆ ಬರಲಿ ಎಂದು ಇನ್ನೊಂದನ್ನು ಕಟ್ಟಿಹಾಕಲೇ ಎಂದು ಕೇಳಿಬಿಟ್ಟೆ. ಹುಡುಗರು ಪೆಚ್ಚಾದರು. ಅವರ ಮೇಲೆ ಹರಿಹಾಯ್ದದ್ದಕ್ಕೆ ನನಗೇನೂ ಬೇಸರವಿಲ್ಲ. ಆದರೆ ‘ಅದೃಷ್ಟವಿದ್ದರೆ ಚಿರತೆ ಕಾಣಬಹುದು’ ಎಂದು ನಮ್ಮ ಕರಪತ್ರದಲ್ಲಿ ಬರೆದದ್ದು ನಾನೇ ಅಲ್ಲವೇ? ಕಾಡು ತೋರಿಸಿ ದುಡ್ಡು ಎಣಿಸುತ್ತೇವೆ, ಅದೇ ಕಾಡಿನ ಬಾಯಿಗೆ ಪೇಟೆಯ ನಾಯಿ ತಂದು ಮಲಗಿಸುತ್ತೇವೆ. ಚಿರತೆಗೆ ನಾಯಿ ಪ್ರಿಯವಾದ ಊಟ ಎಂಬುದು ನಮ್ಮ ಕಡೆ ಎಳೆಮಕ್ಕಳಿಗೂ ಗೊತ್ತು.

ತಿರುಗಿಸಿ ನೋಡಿದರೂ ಅಷ್ಟೇ. ನಮ್ಮ ನಾಯಿ ಕಾಡಿಗೆ ನುಗ್ಗಿದರೆ ಕಡವೆ ಮರಿಯನ್ನು ಅಟ್ಟುತ್ತದೆ. ಕೆಮ್ಮುವ ನಾಯಿಮರಿಯೊಂದು ಬಂದರೆ ನನಗೆ ನಿದ್ದೆ ಹತ್ತುವುದಿಲ್ಲ. 2018ರಲ್ಲಿ ಗುಜರಾತಿನ ಗಿರ್ ಕಾಡಿನಲ್ಲಿ ಕೆಲವೇ ವಾರಗಳಲ್ಲಿ 20ಕ್ಕೂ ಹೆಚ್ಚು ಸಿಂಹಗಳು ಸತ್ತವು. ಸತ್ತ ಸಿಂಹಗಳಲ್ಲಿ ಕೆಲವದರಲ್ಲಿ ಸಿಕ್ಕಿದ್ದು ನಾಯಿಗಳಿಗೆ ಬರುವ ಡಿಸ್ಟೆಂಪರ್ ವೈರಸ್ಸು. ಇಲ್ಲಿ ಸಿಂಹವಿಲ್ಲ, ಹುಲಿ ಇದೆ, ಕಾಡುನಾಯಿಗಳ ಹಿಂಡು ಇದೆ. ಅದಕ್ಕೇ ಮರಿ ಬಂದ ಕೂಡಲೇ ಬೇರೆ ಕೋಣೆ, ಬೇರೆ ತಟ್ಟೆ, ಲಸಿಕೆ. ಅದಕ್ಕೇ ‘ಇತರೆ’ ಹಾಗೆ ಊದಿಕೊಳ್ಳುವುದು. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮದ ಪ್ರಕಾರ ಬೀದಿನಾಯಿಗೆ ಶಸ್ತ್ರಚಿಕಿತ್ಸೆ ಮಾಡಿಸಿ, ಲಸಿಕೆ ಹಾಕಿಸಿ, ಹಿಡಿದ ಜಾಗದಲ್ಲೇ ಬಿಡಬೇಕು. ಪೇಟೆಯ ಬೀದಿಗೆ ಅದು ಸರಿಯೇ. ಗೋಣಿಚೀಲದಲ್ಲಿ ಬಂದದ್ದರ ಜಾಗ ಯಾವುದು? ಡಿಕ್ಕಿಯೇ? ಆ ಕಾರಿನ ನಂಬರು ಸಿಕ್ಕರೆ ನಾನಂತೂ ಬಿಟ್ಟುಬರಲು ತಯಾರು.

ಇದೆಲ್ಲ ಯೋಚಿಸಿ ಯೋಚಿಸಿ ನಮ್ಮನೆಯವರು ತಾವೇ ಮುಂದೆ ನಿಂತು ರಸ್ತೆ ಬದಿಗೆ ಒಂದು ದೊಡ್ಡ ಬೋರ್ಡು ಬರೆಸಿದರು: ‘ಇಲ್ಲಿ ನಾಯಿಮರಿಗಳನ್ನು ತಂದು ಬಿಡಬಾರದು.’ ಹಳದಿ ಬಣ್ಣ, ಕೆಂಪು ಅಕ್ಷರ, ರಾತ್ರಿಯೂ ಹೊಳೆಯುವಂಥದ್ದು. ಅದರಿಂದ ಒಂದು ಉಪಕಾರವಾಯಿತು. ಮೊದಲು ಜನ ಅಂಗಡಿಯಲ್ಲಿ ದಾರಿ ಕೇಳಿಕೊಂಡು ಬರಬೇಕಿತ್ತು, ಕೆಲವರು ತಪ್ಪಿ ಪಕ್ಕದ ರೆಸಾರ್ಟಿನ ಮುಂದೆ ಬಿಟ್ಟುಹೋಗುತ್ತಿದ್ದರು. ಈಗ ನೇರ ಬೋರ್ಡಿನ ಕೆಳಗೇ ಇಡುತ್ತಾರೆ. ಮೊನ್ನೆ ಯಾರೋ ಚೀಲದ ಜೊತೆ ಎರಡು ಪೊಟ್ಟಣ ಬಿಸ್ಕತ್ತನ್ನೂ ಇಟ್ಟು ಹೋಗಿದ್ದರು. ಒಂದು ಮರಿಗಳಿಗೆ ಹೋಯಿತು. ಇನ್ನೊಂದನ್ನು ಅತ್ತೆ ಚಹಾದ ಜೊತೆ ತಿಂದು, ‘ಇವರು ಮರ್ಯಾದಸ್ತರು’ ಎಂದರು. ನಮ್ಮನೆಯವರು ಪೆನ್ನು ಹಿಡಿದು ಬಹಳ ಹೊತ್ತು ಕೂತಿದ್ದರು. ಇದನ್ನು ಜಮಾ ಕಡೆ ಬರೆಯುವುದೋ ಹೇಗೆ ಎಂದು ಅವರಿಗೆ ತಿಳಿಯಲಿಲ್ಲ.